ಕೊನೆಯ ಗಾಲಿಗೆ ಒತ್ತಿದ ಕಾಲು

ದೀಪ ಸ್ವಲ್ಪ ಸಣ್ಣದು ಮಾಡಿ. ಒಳಗೆ ಮಕ್ಕಳಿಗೆ ನಿದ್ದೆ ಹತ್ತಿದೆಯೋ ನೋಡಿ ಬನ್ನಿ, ಆಮೇಲೆ ಶುರು ಮಾಡೋಣ.

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಅವನ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ, ಎಲ್ಲರ ಬಾಯಲ್ಲೂ ನಿಧಾನಣ್ಣ. ಗುಡ್ಡದ ಮೇಲಿನ ಕೋಳಿ ಫಾರಮ್ಮಿನಿಂದ ಮೊಟ್ಟೆ ತುಂಬಿಕೊಂಡು, ಇಳಿಜಾರಿನ ರಸ್ತೆಯಲ್ಲಿ ಪೇಟೆಗೆ ಇಳಿಸುವುದು ಅವನ ಕೆಲಸ. ಗಾಡಿ ಹಳೇ ಪಿಕಪ್. ಬೆನ್ನ ಹಿಂದೆ ಮೊಟ್ಟೆ, ಪಕ್ಕದ ಸೀಟಿನಲ್ಲಿ ಹೆಂಡತಿ, ಅಂದರೆ ನಮ್ಮ ಅತ್ತಿಗೆ. ಹೀಗಿರುವಾಗ ಗಾಡಿ ಹೇಗೆ ಓಡೀತು? ಎಮ್ಮೆ ಕೂಡ ಅವನನ್ನು ಹಿಂದೆ ಹಾಕಿ ಹೋಗುತ್ತೆ ಎಂದು ಜನ ನಗುತ್ತಿದ್ದರು.

ಆವತ್ತು ರಾತ್ರಿ ಅವನು ನಡೆದುಕೊಂಡು ಮನೆಗೆ ಹೊರಟಿದ್ದ. ಗಾಡಿ, ರಿಪೇರಿ ಮೇಸ್ತ್ರಿಯ ಶೆಡ್ಡಿನಲ್ಲಿ, ನಾಲ್ಕೂ ಗಾಲಿ ಬಿಚ್ಚಿಸಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಶೆಡ್ಡು ದಾಟಿದರೆ ಒಂದು ಬಾವಿ, ಬಾವಿ ದಾಟಿದರೆ ಕತ್ತಲು. ಗಾಡಿಯಲ್ಲಿ ಹೋಗುವವನಿಗೆ ಬಾವಿ ಕಾಣುವುದು ಒಂದು ಗಳಿಗೆ ಮಾತ್ರ. ನಡೆಯುವವನಿಗೆ ಅದು ತುಂಬಾ ಹೊತ್ತು ಪಕ್ಕದಲ್ಲೇ ಇರುತ್ತದೆ...

ಬಾವಿಯ ಕಟ್ಟೆ ಹತ್ತಿರ ಬಂದಾಗ ಹಿಂದಿನಿಂದ ಸದ್ದು.

ಫುಸ್ಸ್... ಟಕ್.

ನಿಂತ. ಮತ್ತೆ, ಫುಸ್ಸ್... ಟಕ್.

ಅದು ಹಾವಲ್ಲ, ಹಲ್ಲಿಯೂ ಅಲ್ಲ. ಡ್ರೈವರಿಗೆ ಆ ಸದ್ದು ಗೊತ್ತಾಗದೆ ಇರುತ್ತದೆಯೇ? ಬೂಸ್ಟರ್, ಅಂದರೆ ಒತ್ತಿಗೆ ಬಲ ಕೊಡುವ ಗಾಳಿಡಬ್ಬಿ, ಇರುವ ಬ್ರೇಕ್ ಪೆಡಲನ್ನು ಒತ್ತಿದರೆ ಫುಸ್ಸ್, ಬಿಟ್ಟರೆ ಟಕ್. ತಿರುಗಿ ನೋಡಿದ. ಶೆಡ್ಡಿನ ತಗಡಿನ ಬಾಗಿಲ ಸಂದಿಯಲ್ಲಿ ಕೆಂಪು ಬೆಳಕು ಬಂತು... ಹೋಯಿತು. ಬಂತು... ಹೋಯಿತು. ಗಾಡಿಯ ಹಿಂದಿನ ಬ್ರೇಕ್ ಲೈಟು. ಒಳಗೆ ಕೂತು ಯಾರೋ ಪೆಡಲ್ ಒತ್ತುತ್ತಿದ್ದಾರೆ.

‘ಮೇಸ್ತ್ರಿಗೆ ನಿದ್ದೆ ಬಂದಿಲ್ಲ’ ಎಂದು ತನಗೆ ತಾನೇ ಹೇಳಿಕೊಂಡು, ಮೈ ಬಿಗಿಹಿಡಿದು ಮನೆಗೆ ನಡೆದ.

ಈ ಬ್ರೇಕ್ ರಿಪೇರಿ ಹೊರಟದ್ದೇ ಅತ್ತಿಗೆಯ ಹಟದಿಂದ. ಹಿಂದಿನ ತಿಂಗಳು ಇಳಿಜಾರಿನಲ್ಲಿ ಹಳೇ ಡ್ರಮ್ ಬ್ರೇಕ್ ಕಾದು, ಪೆಡಲ್ ಒತ್ತಿದರೂ ಗಾಡಿ ಜಾರುತ್ತಲೇ ಹೋಗಿ, ಕೊನೆಗೆ ರಸ್ತೆ ಪಕ್ಕದ ಮರಳು ಗುಡ್ಡೆಗೆ ಮೂತಿ ಇಟ್ಟು ನಿಂತಿತ್ತು. ಅತ್ತಿಗೆ ಇಳಿದು, ಸೀರೆಯ ಮರಳು ಕೊಡವಿಕೊಂಡು, “ಇನ್ನು ಈ ಗಾಡಿಗೆ ಸರಿಯಾದ ಬ್ರೇಕ್ ಹಾಕಿಸೋ ತನಕ ನಾನು ಹತ್ತೋಳಲ್ಲ. ನೀವುಂಟು, ನಿಮ್ಮ ಮೊಟ್ಟೆ ಉಂಟು” ಅಂದಿದ್ದರು. ಹಾಗೆಯೇ ನಡೆದುಕೊಂಡರು ಕೂಡ. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಗಾಡಿ ಓಡಿಸುವುದು ನಿಧಾನಣ್ಣನಿಗೆ ಎಷ್ಟು ಕಷ್ಟವಾಯಿತೆಂದರೆ, ಮಾತಾಡಲು ಯಾರೂ ಇಲ್ಲದೆ ಮೊಟ್ಟೆಯ ಜೊತೆ ಮಾತಾಡುವ ಹಾಗಾಯಿತು.

ಅದಕ್ಕೇ ಮೇಸ್ತ್ರಿ ಹತ್ತಿರ ಹೋದದ್ದು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು ಕಲಿತವರು. ಮೇಸ್ತ್ರಿ ಗುಜರಿಯಿಂದ ಇದೇ ಮಾದರಿಯ ಆದರೆ ಇದಕ್ಕಿಂತ ಹೊಸದಾದ ಪಿಕಪ್ಪಿನ ಮುಂದಿನ ಡಿಸ್ಕ್ ಬ್ರೇಕ್, ಬೂಸ್ಟರ್, ಪೆಡಲ್ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ತಂದಿದ್ದ. “ಸಂಸಾರ ಸಮೇತ ತಂದಿದೀನಿ. ಒಂದನ್ನ ಬಿಟ್ಟು ಒಂದು ತಂದ್ರೆ ಹೊಂದಿಕೊಳ್ಳಲ್ಲ” ಎಂದು ನಕ್ಕಿದ್ದ. ಬೂಸ್ಟರು, ಪೆಡಲ್ಲು ಆ ಮೊದಲ ದಿನವೇ ಗಾಡಿಗೆ ಕೂತಿದ್ದವು.

ಮರುದಿನ ಬೆಳಿಗ್ಗೆಯೇ ನಿಧಾನಣ್ಣ ಶೆಡ್ಡಿಗೆ ಹೋದ.

“ರಾತ್ರಿ ನಾನು ಹೋದ ಮೇಲೂ ಪೆಡಲ್ ಒತ್ತಿ ನೋಡ್ತಿದ್ಯಲ್ಲೋ?”

“ಯಾರು, ನಾನಾ? ನೀನು ಬೆನ್ನು ತಿರುಗಿಸಿದ್ದೇ ತಡ, ಗೊರಕೆ ಹೊಡೆದೆ.”

“ಬ್ರೇಕ್ ಲೈಟ್ ಹತ್ತುತಾ ಇತ್ತು.”

ಮೇಸ್ತ್ರಿ ಗೋಡೆಯ ಕಡೆ ಕೈ ತೋರಿಸಿದ. ಗಾಡಿಯ ಬ್ಯಾಟರಿ ಅಲ್ಲಿ ಗೋಣಿಚೀಲದ ಮೇಲೆ ಕೂತಿತ್ತು. “ನಿನ್ನೆ ಮಧ್ಯಾಹ್ನವೇ ಕಳಚಿಟ್ಟಿದೀನಿ. ನಿನ್ನ ಕಣ್ಣಿಗೇ ಮೊದಲು ಒಂದು ಹೊಸ ಲೈಟ್ ಹಾಕಿಸಬೇಕು.”

ನಿಧಾನಣ್ಣ ನಗಲು ನೋಡಿದ. ಬರಲಿಲ್ಲ. ಆದರೆ ಈ ಮಾತು ಮುಂದುವರಿಸುವ ಹಾಗಿರಲಿಲ್ಲ. ‘ನಾಳೆಯಿಂದ ಹತ್ತು, ಬ್ರೇಕ್ ಹೊಸದು’ ಎಂದು ಅತ್ತಿಗೆಗೆ ಆಗಲೇ ಹೇಳಿಬಿಟ್ಟಿದ್ದ. ಅವರು ಒಪ್ಪಿಯೂ ಬಿಟ್ಟಿದ್ದರು.

ಸಂಜೆಗೆ ಗಾಡಿಯ ಹೊಟ್ಟೆಯ ಕೆಲಸವೆಲ್ಲ ಮುಗಿದು, ಬ್ಯಾಟರಿ ಕೂರಿಸಿ, ಹೊಸ ಬ್ರೇಕ್ ಆಯಿಲ್ ತುಂಬಿದ್ದಾಯಿತು. ಇನ್ನು ಉಳಿದದ್ದು ಗಾಳಿ ತೆಗೆಯುವುದು. ಬ್ರೇಕಿನ ಕೊಳವೆಯೊಳಗೆ ಒಂದು ಗುಳ್ಳೆ ಗಾಳಿ ಉಳಿದರೂ ಪೆಡಲ್ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಅದಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಲಿಯ ಹತ್ತಿರ ಮಲಗಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಕೆಳಗಿನವನಿಗೆ ಮೇಲಿನವನ ಮುಖ ಕಾಣುವುದಿಲ್ಲ. ಎಲ್ಲ ಮಾತಿನ ಮೇಲೆಯೇ. ಸಾಲದ್ದಕ್ಕೆ ಮೇಸ್ತ್ರಿಯ ವಯಸ್ಸಾದ ತಾಯಿ ಗೋಡೆಯಾಚೆ ಆಗತಾನೇ ನಿದ್ದೆಗೆ ಜಾರಿದ್ದರಿಂದ ಇಬ್ಬರದೂ ಪಿಸುಮಾತು.

“ಒತ್ತು.”

“ಒತ್ತಿದೆ.”

ಚುರ್ರ್... ಎಣ್ಣೆ ಡಬ್ಬಿಗೆ ಬೀಳುವ ಸದ್ದು. ಸ್ಪ್ಯಾನರ್ ತಿರುಗುವ ಕಿರ್ರ್.

“ಬಿಡು.”

“ಬಿಟ್ಟೆ.”

ಹೀಗೆ ಹಿಂದಿನ ಎರಡು ಗಾಲಿ ಮುಗಿದವು. ಮುಂದಿನ ಎಡಗಾಲಿಯೂ ಆಯಿತು. ಹೊತ್ತು ಬಹಳವಾಗಿತ್ತು. ಡಬ್ಬಿ ತಾಗಿ ಆಯಿಲ್ ಮಡ್‌ಗಾರ್ಡ್ ಮೇಲೆ ಚೆಲ್ಲಿದ್ದು ನಿಧಾನಣ್ಣನಿಗೆ ಕಂಡಿತು. ಆ ಎಣ್ಣೆ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹಾಕಬೇಕು. “ಒಂದು ಬಕೆಟ್ ನೀರು ತರ್ತೀನಿ ಕಣೋ” ಎಂದು ಪಿಸುಗುಟ್ಟಿ ಇಳಿದು ಹೋದ. ಆಗ ಮೇಸ್ತ್ರಿ ಕೊನೆಯ ಗಾಲಿಯ ಕಡೆ ತೆವಳುತ್ತಿದ್ದ. ಕೇಳಿಸಿತೋ ಇಲ್ಲವೋ.

ಬಾವಿಯ ಹಗ್ಗ ಎಳೆಯುತ್ತಿದ್ದಾನೆ. ರಾಟೆ ಕೀಚ್... ಕೀಚ್... ಎನ್ನುತ್ತಿದೆ. ಬಕೆಟ್ ಮೇಲೆ ಬಂದು ರಾಟೆ ನಿಂತಿತು. ಆ ಮೌನದಲ್ಲಿ ಶೆಡ್ಡಿನಿಂದ ಮೇಸ್ತ್ರಿಯ ಪಿಸುಮಾತು ಕೇಳಿತು.

“ಒತ್ತು.”

ಅಯ್ಯೋ, ನಾನು ಇಲ್ಲಿದ್ದೀನಿ ಎಂದು ಕೂಗಲು ಬಾಯಿ ತೆರೆದ.

ಫುಸ್ಸ್.

“ಒತ್ತಿದೆ.”

ಬಾಗಿಲಾಚೆ ಕೆಂಪು ಬೆಳಕು ಬಂತು. ನೀರು ಕುಡಿಯದೆ ಬಹಳ ಹೊತ್ತಾದವನ ದನಿ ಹೇಗಿರುತ್ತದೆ... ಹಾಗಿತ್ತು ಆ ‘ಒತ್ತಿದೆ’.

“ಬಿಡು.”

“ಬಿಟ್ಟೆ.”

ಟಕ್. ಬೆಳಕು ಹೋಯಿತು.

ನಿಧಾನಣ್ಣ ಬಕೆಟ್ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದ. ಡ್ರೈವರ್ ಸೀಟು ಖಾಲಿ. ಗಾಡಿಯ ಬಾಗಿಲು ತಾನು ಬಿಟ್ಟು ಹೋದ ಹಾಗೆಯೇ ತೆರೆದಿತ್ತು. ಮೇಸ್ತ್ರಿ ಕೈ ಒರೆಸುತ್ತ ಕೆಳಗಿನಿಂದ ಜಾರಿ ಬಂದ.

“ನೋಡು, ಕೊನೇ ಗಾಲಿಗೆ ಒತ್ತಿದೆಯಲ್ಲ, ಅದು ಒತ್ತೋದು ಅಂದ್ರೆ! ಮೊದಲ ಮೂರಕ್ಕೆ ಹೆಂಡತಿ ಕಾಲು ಒತ್ತಿದ ಹಾಗೆ ಒತ್ತುತಿದ್ದೆ...” ಎಂದವನು ಬಕೆಟ್ ನೋಡಿದ. “ಯಾವಾಗ ಇಳಿದೆ ನೀನು?”

ನಿಧಾನಣ್ಣ ಬಕೆಟ್ ಕೆಳಗಿಟ್ಟ. “ಈ ಪೆಡಲ್ಲು ಯಾರ ಗಾಡೀದು?” ಎಂದ.

ಮೇಸ್ತ್ರಿ ಸ್ಪ್ಯಾನರ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಮೆಲ್ಲಗೆ ಹೇಳಿದ. “ಇದೇ ಇಳಿಜಾರು. ದೊಡ್ಡ ತಿರುವಿನ ಕೆಳಗೆ. ಏನೋ ಅಡ್ಡ ಬಂತು ಅಂತ ಆ ಗಾಡಿ ಓಡಿಸ್ತಿದ್ದೋನು ಬ್ರೇಕ್ ಹಾಕಿ ನಿಂತಿದ್ದ. ಇವನು ನಿಂತ. ಹಿಂದೆ ಬರ್ತಿದ್ದ ಲಾರಿ ನಿಲ್ಲಲಿಲ್ಲ. ಅದಕ್ಕೇ ನೋಡು, ಮುಂದಿನ ಸಾಮಾನಿಗೆ ಒಂದು ಗೀರೂ ಇಲ್ಲ...”

“ಅವನು?”

“ಕಾಲು ಪೆಡಲ್ ಮೇಲೇ ಇತ್ತಂತೆ. ಎತ್ತಿ ತೆಗೆಯೋಕೆ ಕಷ್ಟ ಪಟ್ಟರಂತೆ.”

ಇಬ್ಬರೂ ಗಾಡಿಯ ಕಡೆ ನೋಡಲಿಲ್ಲ. “ಹಳೇ ಡ್ರಮ್ಮು?” ಎಂದು ಕೇಳಿದ ನಿಧಾನಣ್ಣ. “ಬೆಳಿಗ್ಗೆಯೇ ಗುಜರಿಗೆ ಹಾಕಿಬಿಟ್ಟೆ” ಎಂದ ಮೇಸ್ತ್ರಿ.

ಆ ರಾತ್ರಿ ನಿಧಾನಣ್ಣ ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು. ದೇವರ ಹೆಸರು ಬಾಯಲ್ಲಿ, ಆ ದನಿ ಕಿವಿಯಲ್ಲಿ. ಅತ್ತಿಗೆಗೆ ಹೇಳಲೇ, ಬೇಡವೇ? ಹೇಳಿದರೆ ಇನ್ನೆಂದೂ ಹತ್ತುವುದಿಲ್ಲ. ಹೇಳದೆ ಕೂರಿಸಿಕೊಂಡು ಏನಾದರೂ ಹೆಚ್ಚುಕಡಿಮೆಯಾದರೆ... ಆ ‘ಆದರೆ’ ಮುಂದೆ ಅವನ ಮನಸ್ಸು ಹೋಗಲೇ ಇಲ್ಲ. ನಸುಕಿನಲ್ಲಿ ಎದ್ದು, “ಇವತ್ತೊಂದು ದಿನ ನೀನು ಬೇಡ ಕಣೆ. ನಾನೊಬ್ಬನೇ ಹೋಗಿ ಬ್ರೇಕ್ ನೋಡ್ತೀನಿ” ಎಂದ.

“ಯಾಕೆ? ಮೊಟ್ಟೆ ಜೊತೆ ಮಾತು ಚೆನ್ನಾಗಿ ಹೊಂದಿಕೊಂಡಿದೆಯೋ?”

“ಹೊಸ ಸಾಮಾನು. ಹ್ಯಾಗೋ ಏನೋ...”

“ಊರಿಗೆಲ್ಲ ಹೊಸ ಬ್ರೇಕು ಅಂತ ಡಂಗುರ ಹೊಡೆದಿರಿ. ಕೂತ್ಕೊಳ್ಳೋ ಹೊತ್ತಿಗೆ ನಾನೇ ಬೇಡವಾ? ಸರ್ಕೊಳ್ಳಿ ಆ ಕಡೆ.” ಅತ್ತಿಗೆ ಆಗಲೇ ಬಾಗಿಲು ತೆರೆದು ಹತ್ತಿ ಕೂತಿದ್ದರು. ತಿಂಗಳ ಮೇಲೆ ಆ ಸೀಟು ತುಂಬಿತು. ಅವನಿಗೆ ಸಂತೋಷವೂ ಆಯಿತು, ಭಯವೂ ಆಯಿತು.

ಮೊಟ್ಟೆ ತುಂಬಿಸಿಕೊಂಡು ಇಳಿಯಲು ಶುರು ಮಾಡಿದರು. ಬ್ರೇಕ್ ಅಂದರೆ ಬ್ರೇಕ್! ಕಾಲ ಬೆರಳು ಇಟ್ಟರೆ ಸಾಕು, ಗಾಡಿ ಹೇಳಿದ ಮಾತು ಕೇಳುತ್ತಿತ್ತು. ಅತ್ತಿಗೆ ಸೀಟಿಗೆ ಒರಗಿ ಕೂತರು. ದೊಡ್ಡ ತಿರುವು ಬಂತು. ತಿರುಗಿದರು.

ಫುಸ್ಸ್.

ನಿಧಾನಣ್ಣನ ಕಾಲು ಪೆಡಲ್ ಮೇಲೆ ಇರಲಿಲ್ಲ. ಪೆಡಲ್ ತಾನೇ ಕೆಳಗೆ ಹೋಯಿತು. ನೆಲ ಮುಟ್ಟುವ ಹಾಗೆ. ಗಾಡಿ ರಸ್ತೆಯಲ್ಲೇ, ಎಡಬದಿಯ ಬಂಡೆಗೆ ತಾಗಿಕೊಂಡು ನಿಂತಿತು, ಎಂಜಿನ್ ಗಕ್ ಎಂದು ಆರಿತು. ಮುಂದೆ ರಸ್ತೆ ಖಾಲಿ. ಒಂದು ನಾಯಿಯೂ ಇಲ್ಲ.

“ಏನ್ರೀ?”

ಅವನು ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡ. ಅತ್ತಿಗೆ ಬಗ್ಗಿ ನೋಡಿದರು. ಪೆಡಲ್ ಅದುಮಿಕೊಂಡೇ ಇತ್ತು. ಅವರ ಕೈ ಅವನ ತೋಳು ಹಿಡಿಯಿತು, ಉಗುರು ನಾಟುವ ಹಾಗೆ.

ಆಗ ಮೇಲಿನಿಂದ, ತಿರುವಿನ ಆಚೆಯಿಂದ, ಘರ್ರ್... ಎಂದು ತುಂಬಿದ ಲಾರಿಯ ಸದ್ದು. ಇಳಿಯುತ್ತಿದೆ. ಹತ್ತಿರವಾಗುತ್ತಿದೆ. ನಿಧಾನಣ್ಣ ಕಾಲಿಳಿಸಿ ಪೆಡಲ್ ಕೆಳಗೆ ಪಾದ ತೂರಿಸಿ ಮೇಲಕ್ಕೆ ಒದ್ದ. ಕದಲಲಿಲ್ಲ. ಗೇರ್ ತೆಗೆದು ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ಹತ್ತಲಿಲ್ಲ. ಹಾರ್ನ್... ಉದ್ದಕ್ಕೆ... ಬಿಡದೆ. ಇಳಿದು ಓಡಲು ಹೊತ್ತಿಲ್ಲ. ಹೆಂಡತಿಯ ಕಡೆಯ ಬಾಗಿಲು ಬಂಡೆಗೆ ಒತ್ತಿ ನಿಂತಿದೆ.

ಆಗ ಅವನ ಬಾಯಿಂದ ಬಂದದ್ದು ಬೈಗುಳವಲ್ಲ, ದೇವರ ಹೆಸರೂ ಅಲ್ಲ. ಮೇಸ್ತ್ರಿ ಹೇಳುತ್ತಿದ್ದ ಹಾಗೆ, ಅಷ್ಟೇ ಮೆಲ್ಲಗೆ...

“ಬಿಡು.”

ಏನೂ ಆಗಲಿಲ್ಲ.

“ಬಿಡಪ್ಪಾ. ನೀನು ನಿಂತಿದ್ದು ಸಾಕು. ನನ್ನ ಹೆಂಡತಿ ಇದ್ದಾಳೆ... ಬಿಡು.”

“ಬಿಟ್ಟೆ.”

ಟಕ್.

ಇಳಿಜಾರಲ್ಲವೇ, ಗಾಡಿ ಜಾರಿತು. ಬಂಡೆ ದಾಟಿದ್ದೇ ಸ್ಟೇರಿಂಗ್ ಎಡಕ್ಕೆ ಎಳೆದು ಮಣ್ಣಿಗಿಳಿಸಿದ. ಲಾರಿ ಪಕ್ಕದಲ್ಲೇ ಧಡಧಡ ಎಂದು ಹೋಯಿತು. ಬಲಗಡೆಯ ಕನ್ನಡಿ ಪಟ್ ಎಂದು ಮುರಿದು ಹಾರಿತು. ಆಮೇಲೆ ಧೂಳು. ಆಮೇಲೆ ಮೌನ. ತನ್ನ ಕಾಲಿನಿಂದಲೇ ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದ್ದ, ಆದರೆ ಒತ್ತಿದ್ದು ಅವನಿಗೇ ನೆನಪಿಲ್ಲ.

ಅತ್ತಿಗೆ ಸೀರೆಯ ಧೂಳು ಕೊಡವಿಕೊಂಡರು. ಆಮೇಲೆ ಅಂದರು, “ಇಳಿದು ಮೊಟ್ಟೆ ನೋಡ್ರಿ.”

ಮನೆಗೆ ಬಂದ ಮೇಲೆ ಎಲ್ಲ ಬಾಯಿಬಿಟ್ಟು ಹೇಳಿದ. ಸುದ್ದಿ ಕೇಳಿ ಮೇಸ್ತ್ರಿ ಓಡಿ ಬಂದು, “ಅದೆಲ್ಲ ಬಿಚ್ಚಿ ಎಸೀತೀನಿ ಅತ್ತಿಗೆ, ಬೇರೆ ತರ್ತೀನಿ” ಎಂದ. ಗಾಡಿಯ ಕಡೆ ನೋಡುತ್ತ ಅತ್ತಿಗೆ ತಲೆ ಅಲ್ಲಾಡಿಸಿದರು.

“ಇರಲಿ ಬಿಡಪ್ಪ. ಆ ಜೀವಕ್ಕೆ ಒತ್ತೋದೂ ಗೊತ್ತು, ಬಿಡು ಅಂದ್ರೆ ಬಿಡೋದೂ ಗೊತ್ತು. ನನ್ನ ಮನೇಲಿರೋರಿಗೆ ಎರಡೂ ಗೊತ್ತಿಲ್ಲ. ಬಿಚ್ಚಿ ಎಸೆದರೆ ಅದು ಎಲ್ಲಿಗೆ ಹೋಗಬೇಕು?”

ಈಗಲೂ ದಿನಾ ಆ ತಿರುವು ಬಂದಾಗ ಅತ್ತಿಗೆಯೇ ಮೊದಲು “ಬಿಡು” ಅನ್ನುತ್ತಾರೆ, ಮೆಲ್ಲಗೆ. ಪೆಡಲ್ ಮತ್ತೆ ತಾನಾಗಿ ಒತ್ತಿಕೊಂಡದ್ದಿಲ್ಲ.

ಇದನ್ನು ಕೇಳಿದವರು ಡ್ರೈವರಿಗೆ ನಿದ್ದೆಗಣ್ಣು, ಪೆಡಲ್ ಎಲ್ಲೋ ಸಿಕ್ಕಿಕೊಂಡಿತ್ತು ಅನ್ನುತ್ತಾರೆ. ಅನ್ನಲಿ. ನಾನು ಆ ಮನೆಯಲ್ಲಿ ಮಲಗಿ ಎದ್ದು ಬಂದವನು. ಗಾಡಿ ಸಂಜೆಯಿಂದ ಅಂಗಳದಲ್ಲೇ ನಿಂತಿತ್ತು, ಕೀಲಿ ನಿಧಾನಣ್ಣನ ದಿಂಬಿನಡಿ ಇತ್ತು. ಬೆಳಗಿನ ಜಾವ ಅತ್ತಿಗೆ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಗಾಡಿಯ ಮೈತುಂಬ ಇಬ್ಬನಿ. ಹಿಂದಿನ ಗಾಲಿ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು. ಮುಂದಿನ ಗಾಲಿಯಲ್ಲಿ, ಗುಜರಿಯಿಂದ ಬಂದ ಆ ಡಿಸ್ಕಿನ ಮೇಲೆ ಅತ್ತಿಗೆ ಒದ್ದೆ ಬಟ್ಟೆ ಇಟ್ಟರು.

ಚುಂಯ್ ಎಂದಿತು. ಆಗತಾನೇ ಇಳಿಜಾರು ಇಳಿದು ಬಂದ ಗಾಡಿಯ ಹಾಗೆ. ಆ ಹಬೆ ನನ್ನ ಮುಖಕ್ಕೇ ಬಡಿಯಿತು.