ಮನೆಯೊಡೆಯ ಕೂರಲಿಲ್ಲ

ಹೆಸರು: ರಾದೋಯ್ಕಾ ಸ್ತಾನಿಮಿರೊವಿಚ್. ವಯಸ್ಸು: 48. ಉದ್ಯೋಗ: ಪ್ರೌಢಶಾಲೆಯಲ್ಲಿ ಸಾಹಿತ್ಯದ ಅಧ್ಯಾಪಕಿ. ವಾಸ: ಗಿರಣಿ ಬೀದಿ, ಕ್ರುಶೊವಿತ್ಸ ಪಟ್ಟಣ, ಸರ್ಬಿಯಾ.

ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ 8 ಗಂಟೆಗೆ ನನ್ನ ಅಣ್ಣ, ಪುರಸಭಾ ಸದಸ್ಯ ವುಕೋಮನ್‌ನನ್ನು ಒಳಸಂಚಿನ ಆರೋಪದ ಮೇಲೆ ಠಾಣೆಗೆ ಕರೆತಂದಿದ್ದಾರೆ. ಮಧ್ಯಾಹ್ನ 12ಕ್ಕೆ ಪುರಸಭಾಧ್ಯಕ್ಷ ಜಿವಾನ್ ಅವರ ವಿರುದ್ಧ ಅವಿಶ್ವಾಸ ಮತದಾನವಿದೆ. ಅದಕ್ಕಾಗಿ ಮೂರು ಸಣ್ಣ ಪಕ್ಷಗಳು ಮೈತ್ರಿ ಮಾಡಿಕೊಂಡಿವೆ. ಅಣ್ಣನ ಮತ ಬೀಳದಿದ್ದರೆ ಮೈತ್ರಿ ಸೋಲುತ್ತದೆ.

ದೂರು ಕೊಟ್ಟವರು ಅಧ್ಯಕ್ಷರ ಪಕ್ಷದ ಕಾರ್ಯದರ್ಶಿ ತಿಯೋಸಾವ್. ನಿನ್ನೆ ಮಧ್ಯಾಹ್ನ ಹೊರಗಿನಿಂದ ನಮ್ಮ ಮನೆಯ ಕಿಟಕಿಯಲ್ಲಿ ಇಣುಕಿದಾಗ ಅಣ್ಣ ಮೇಜಿನ ತುದಿಯಲ್ಲಿ ಕೂತು, ಗ್ಲಾಸೆತ್ತಿ, ಜಿವಾನ್ ಅವರನ್ನು ಇಳಿಸುವುದಾಗಿ ಎಲ್ಲರಿಂದ ಆಣೆ ಮಾಡಿಸಿದನೆಂದು ಅವರು ಬರೆದುಕೊಟ್ಟಿದ್ದಾರೆ.

ಇನ್ಸ್‌ಪೆಕ್ಟರ್ ಓಬ್ರಾದ್ ಇದನ್ನು ಓದಿದೊಡನೆ ನಾನು ಎದ್ದು ನಿಂತೆ. ನಿನ್ನೆ ನಮ್ಮ ಮನೆಯ ಸ್ಲಾವ, ಮನೆಯನ್ನು ಕಾಯುವ ಸಂತ ಡಿಮಿಟ್ರಿಯ ದಿನ. ಅಂದು ಮನೆಯೊಡೆಯ ಕೂರುವಂತಿಲ್ಲ, ಕೊನೆಯ ಅತಿಥಿ ಹೋಗುವವರೆಗೆ ನಿಂತೇ ಬಡಿಸಬೇಕು. ಮಂಡಿನೋವಿನ ಅಣ್ಣ ಗೋಡೆಗೆ ಒರಗಿದಾಗಲೂ ಅತ್ತಿಗೆ, "ಏನ್ರೀ, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದ್ದೀರಾ?" ಎಂದು ಗದರಿದ್ದಳು.

"ಹಾಗಾದ್ರೆ ಅಲ್ಲಿ ಕೂತಿದ್ದೋರು ಯಾರು ಮೇಡಂ?"

"ಅಧ್ಯಕ್ಷರೇ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಜಿವಾನ್ ನಮ್ಮ ಮನೆಯ ಕೂಮ, ಅಂದರೆ ಧರ್ಮದ ನೆಂಟ. ಅಣ್ಣನ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವರು. ಸ್ಲಾವಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರಿಗೆ ಬಾಗಿಲು ಹಾಕುವುದಿಲ್ಲ. ಏನೇ ಜಗಳವಿದ್ದರೂ ಕೂಮ ಬಂದೇ ಬರುತ್ತಾನೆ, ಮೇಜಿನ ತುದಿಯ ಕುರ್ಚಿ ಅವನದು. ಕೋಸಿನೆಲೆಯ ಕಡುಬು ಬೇಯುವ ಹಬೆಗೆ ಕಿಟಕಿ ಮಬ್ಬಾಗಿತ್ತು. ತಿಯೋಸಾವ್ ಕಂಡದ್ದು ಬರೀ ಬೆನ್ನು.

"ನಾಳೆ ಜಿವಾನನ್ನ ಇಳಿಸ್ತೀರಂತೆ, ಇಳಿಸ್ರಪ್ಪಾ! ಇವತ್ತು ಮಾತ್ರ ಯಾರೂ ಗ್ಲಾಸ್ ಇಳಿಸ್ಬೇಡಿ," ಎಂದವರು ಅಧ್ಯಕ್ಷರೇ. ಅಣ್ಣ ನಗುತ್ತ, "ಕೂಮಾ, ನಿನ್ನ ಓಟು ಯಾರಿಗೆ?" ಎಂದ. "ನಿನ್ನ ಹೆಂಡ್ತಿ ಮಾಡಿದ ಕಡುಬಿಗೆ ಕಣೋ!"

ಹಾಗಾದರೆ ಒಳಸಂಚು ಎಂದು ಬರೆಯಲೋ, ಮೈತ್ರಿ ಎಂದು ಬರೆಯಲೋ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಯಾರನ್ನು ಇಳಿಸಬೇಕೋ ಅವನಿಗೇ ಹೇಳಿ, ಅವನಿಗೇ ಬಡಿಸಿದ್ದನ್ನು ಸಂಚು ಎನ್ನಲಾಗದು, ಮೈತ್ರಿ ಎಂದೇ ಬರೆಯಿರಿ ಎಂದು ಕೋರಿದೆ.

11:10ಕ್ಕೆ ಅವರು ನನ್ನೆದುರೇ ಅಧ್ಯಕ್ಷರಿಗೆ ಫೋನ್ ಮಾಡಿದರು. ನಮ್ಮಲ್ಲಿಗೆ ಬಂದದ್ದು ಗೊತ್ತಾಗದಿರಲೆಂದು, ಸೊಂಟ ಹಿಡಿದು ಮಲಗಿದ್ದೇನೆಂದು ಅಧ್ಯಕ್ಷರು ನಿನ್ನೆ ಪಕ್ಷದವರಿಗೆ ಹೇಳಿದ್ದರಂತೆ. ಫೋನಿನ ಸ್ಪೀಕರಿನಲ್ಲಿ ಅಧ್ಯಕ್ಷರ ಮಾತು ನನಗೂ ಕೇಳಿಸಿತು.

"ನಾನು ಹೋಗೇ ಇಲ್ಲ ಅಂದ್ರೆ ಅವನ ಓಟು ಬೀಳಲ್ಲ, ಅಲ್ವೇನಯ್ಯಾ?"

"ಬೀಳಲ್ಲ ಸಾರ್."

"ಬರ್ಕೊ. ಆ ಕುರ್ಚಿಲಿ ಕೂತಿದ್ದೋನು ನಾನೇ. ಮುಂದಿನ ವರ್ಷಾನೂ ಅಲ್ಲಿ ನಾನೇ ಕೂರ್ಬೇಕು."

11:25ಕ್ಕೆ ಅಣ್ಣನನ್ನು ಬಿಟ್ಟರು. ಬೇಗ ಏಳು ಎಂದರೆ, ಠಾಣೆಯ ಬೆಂಚಿನಿಂದ ಮಂಡಿ ನೀವಿಕೊಳ್ಳುತ್ತ, "ತಾಳೇ, ನಿನ್ನೆಯಿಂದ ಈಗಷ್ಟೇ ಕೂತಿದೀನಿ," ಎಂದ. ಪುರಸಭೆ ಇಲ್ಲಿಂದ 600 ಮೀಟರ್. ನಡೆದೇ ಹೋಗುತ್ತೇವೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡು ಕೇಳಿದ ನಿಜವೇ ಇದರಲ್ಲಿದೆ.

ಸ್ಥಳ: ಕ್ರುಶೊವಿತ್ಸ ಠಾಣೆ
ದಿನಾಂಕ: 9 ನವೆಂಬರ್ 2022
ಸಹಿ: ರಾದೋಯ್ಕಾ ಸ್ತಾನಿಮಿರೊವಿಚ್