ಷಡ್ಡಕನ ಮೋಟಾರು

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಫ್ಯಾನ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದ ದರ್ಜಿಯ ಮುಂದೆ ಇಬ್ಬರು ಷಡ್ಡಕರು ನಿಂತಿದ್ದರು. ಅಕ್ಕನ ಗಂಡನ ಅಂಗೈ ಹುಟ್ಟು ಹಾಕಿ ಹಾಕಿ ಜಡ್ಡುಗಟ್ಟಿತ್ತು. ತಂಗಿಯ ಗಂಡ ಹೊಸ ಮೋಟಾರನ್ನು ಕೂಸಿನಂತೆ ಅವಚಿಕೊಂಡಿದ್ದ.

“ನಾಳೆ ನನ್ನ ಕಯಾಕ್ ದೋಣಿಗೆ ಇದನ್ನ ಕಟ್ಟಿದ್ರೆ, ಮೀನಿರೋ ಬಂಡೆ ಹತ್ರ ನಾನೇ ಮೊದ್ಲು, ಭಾವ.”

“ಮೋಟಾರ್ ನೋಡಿ ಯಾವ ಮೀನೂ ಗಾಳ ಕಚ್ಚಲ್ಲಪ್ಪ.”

“ಮಾವ ಆಗ್ಲೇ ಹೇಳಿದ್ರು, ಈ ವಾರದ ಮೀನು ಚಿಕ್ಕಳಿಯಂದು ಅಂತ.”

“ಇಷ್ಟು ವರ್ಷ ತಂದು ಹಾಕಿದ್ದು ದೊಡ್ಡಳಿಯ. ತಿಂದ ನಾಲಿಗೆಗೆ ಅದೆಲ್ಲಿ ನೆನಪಿರುತ್ತೆ, ಬಿಡು.”

“ನಿಮಗೆ ಹೊಟ್ಟೆಕಿಚ್ಚು.”

“ನನಗ್ಯಾಕೆ? ತೋಳಲ್ಲಿ ಕಸುವಿಲ್ಲದೋರಿಗೆ ಮೋಟಾರ್ ಬೇಕಪ್ಪ.”

“ವೈರ್ ಎಷ್ಟುದ್ದ ಕೊಡ್ಲಿ?” ಎಂದ ಅಂಗಡಿಯವನು.

“ಒಂದು ಮೊಳ ಸಾಕು,” ಎಂದ ತಂಗಿಯ ಗಂಡ. “ಮೋಟಾರೂ ಬ್ಯಾಟರಿನೂ ನನ್ನ ಬೆನ್ನ ಹಿಂದೇನೇ ಇರ್ತಾವೆ.”

ಅಕ್ಕನ ಗಂಡ ಬಾಯಿ ತೆರೆದು, ಮುಚ್ಚಿ, ಗೋಡೆಯ ಸ್ವಿಚ್ಚುಗಳನ್ನು ನೋಡುತ್ತ ನಿಂತ. ಅಂಗಡಿಯವನು ಕತ್ತರಿ ಎತ್ತಿದ.

“ತಡೀರಿ. ಎರಡಾಳುದ್ದ ಕೊಡಿ.”

“ಅಷ್ಟ್ಯಾಕೆ ಭಾವ?”

“ಬ್ಯಾಟರಿ ಮುಂದೆ, ದೋಣಿ ಮೂತಿ ಹತ್ರ ಇಡು. ಭಾರ ಎಲ್ಲ ಹಿಂದೆ ಹೇರಿದ್ರೆ ಮೂತಿ ಮೇಲೇಳುತ್ತೆ, ಹಿಂದಿನಿಂದ ನೀರು ನುಗ್ಗುತ್ತೆ.”

“ಮೊದ್ಲೇ ಹೇಳ್ಬಾರ್ದಿತ್ತಾ?”

“ಹೇಳೋದು ಬೇಡ ಅಂತಾನೇ ಇದ್ದೆ. ಆಮೇಲೆ ನಾದಿನಿಗೆ ಯಾವ ಮುಖ ತೋರಿಸ್ಲಿ?”

ತಂಗಿಯ ಗಂಡ ವೈರು ಸುತ್ತಿಕೊಂಡ. ಬಾಗಿಲ ಬಳಿ ಅಕ್ಕನ ಗಂಡ ಕೈ ಚಾಚಿದ.

“ಕೊಡಿಲ್ಲಿ, ತೂಕ ಎಷ್ಟಿದೆ ನೋಡೋಣ.”

ದರ್ಜಿ ಕತ್ತು ಚಾಚಿ ನೋಡಿದ. ಬೀದಿಯ ತಿರುವು ಬರುವವರೆಗೂ ಅಕ್ಕನ ಗಂಡ ಮೋಟಾರನ್ನು ವಾಪಸು ಕೊಡಲಿಲ್ಲ.