ಮೂರನೇ ಪ್ರಕಟಣೆ

…ಬ್ಯಾಡ. ಚಹಾ ಬ್ಯಾಡ, ನೀರೂ ಬ್ಯಾಡ. ಕುರ್ಚಿ ಎಳಿಬ್ಯಾಡ, ನಿಂತೇ ಮಾತಾಡ್ತೀನಿ. ಎಲ್ಲಿದ್ದೆ? ಹಾಂ, ನಮ್ಮ ಮನೆತನ. ನೀ ಅದನ್ನ ಮರ್ತಿ, ಅದಕ್ಕ ನೆನಪು ಮಾಡಾಕತ್ತೀನಿ. ಹಗರಿಬೊಮ್ಮನಹಳ್ಳಿಯಾಗ ಚರ್ಚಿನ ಗ್ವಾಡಿ ಏಳೋ ಮೊದಲು ಪೂಜೆ ನಡೀತಿದ್ದದ್ದು ನಮ್ಮ ಪಡಸಾಲ್ಯಾಗ. ತಾತ ಉಪದೇಶಿ. ತಿಂಗಳಿಗೊಮ್ಮೆ ಫಾದರ್ ರೈಲಿಳಿದು ಬಂದ್ರ ಅವರ ಹಾಸಿಗಿ ನಮ್ಮ ಮನ್ಯಾಗ, ಅವರ ಊಟ ನಮ್ಮ ಅಜ್ಜಿ ಕೈದು. ತಾತ ಅಂದ್ರ ಕೂಡ್ಲಿಗಿತನಕ ಸೈಕಲ್ ತುಳಿದು ಹೋಗಿ ಸಾಯೋರ ತಲಿದೆಸಿಗೆ ಕುಂತು ಪ್ರಾರ್ಥನಿ ಹೇಳಿ ಬರ್ತಿದ್ದ ಮನುಷ್ಯ. ಊರ ಗೌಡ್ರು ಸುದ್ದಾ, 'ಉಪದೇಶಿ ಮನಿಯೋರು' ಅಂದ್ರ ಎದ್ದು ನಿಂತು ಮಾತಾಡಸ್ತಿದ್ರು. ಮೂರು ತಲಿಯಿಂದ ಆ ಮನಿಯಾಗ ಒಬ್ಬರೂ ಕೋರ್ಟು ಹತ್ತಿರಲಿಲ್ಲ. ನಾ ಹತ್ತಿದೆ. ಆತು, ಹತ್ತಿದೆ!

ಅಕ್ಕ ಅಂತ ಕರೀಬ್ಯಾಡ ರೋಜಾ. ಚಿಕ್ಕಪ್ಪನ ಮಗಳು ಅಂತ ನಿನ್ನ ಬೆನ್ನ ಮ್ಯಾಲ ಹೊತ್ತು ಆಡಿಸಿದ್ದಕ್ಕ ಇದು ನನಗ ಸಿಕ್ಕಿದ್ದು… ಆ ಕದ ಮುಂದಕ್ಕ ಮಾಡು. ನಿನ್ನ ನೆರಿಮನಿ ಜಂಬಕ್ಕ ಬಟ್ಟಿ ಒಣಹಾಕೋ ನೆವದಾಗ ಒಂದೇ ಟವಲ್ ಮೂರು ಸಲ ಝಾಡಿಸಿದ್ಲು. ಕೊಟ್ಟೂರಿನ ತುಂಬ ನನ್ನ ಸುದ್ದಿ ಆಗೋದು ಬ್ಯಾಡ.

ಈ ಪತ್ರ ನೋಡು. ಬಿಷಪರ ನ್ಯಾಯಪೀಠದ್ದು. ಓದ್ಲಾ? 'ಅರ್ಜಿದಾರಳು ಆರೋಪಿಸಿದ ವಂಚನೆ ಸಾಬೀತಾಗಿಲ್ಲ. ಆದುದರಿಂದ ಈ ಮದುವೆಯನ್ನು ಅಸಿಂಧು ಎಂದು ಸಾರಲು ಸಾಧ್ಯವಿಲ್ಲ.' ತಿಳೀತಾ? ಕೋರ್ಟು ನಾಲ್ಕು ವರ್ಷದ ಹಿಂದೇನೇ ಡೈವೋರ್ಸ್ ಕೊಟ್ಟೈತಿ. ಬಾಲರಾಜ್ ನನ್ನ ಗಂಡ ಅಲ್ಲ ಅಂತ ಸರ್ಕಾರ ಹೇಳತೈತಿ. ಆದ್ರ ಚರ್ಚಿನ ಪಾಲಿಗೆ ನಾ ಇನ್ನೂ ಅವನ ಹೆಂಡ್ತಿ. ಸಾಯೋತನಕ! ಅದು ಮೊದಲಿಂದಲೂ ಮದುವೀನೇ ಅಲ್ಲ ಅಂತ ನ್ಯಾಯಪೀಠ ಹೇಳಿದ್ರ ಮಾತ್ರ ನಾ ಇನ್ನೊಬ್ಬರನ್ನ…

ಯಾಕ ನಗ್ತಿ? ಐವತ್ತೊಂದಕ್ಕ ಮದುವಿ ಅಂದ್ರ ನಗಿ ಬರತೈತೇನು?… ನಕ್ಕಿಲ್ಲ? ತುಟಿ ಅಲ್ಲಾಡಿತು, ನಾ ನೋಡಿದೆ.

ಅರುಳಪ್ಪ ಮಾಸ್ತರು ಗೊತ್ತಲ್ಲ ನಿನಗ, ಹರಪನಹಳ್ಳಿಯೋರು, ಹೆಂಡ್ತಿ ತೀರಿ ಆರು ವರ್ಷ. ತಿಂಗಳ ಮೊದಲ ಶುಕ್ರವಾರ ಪೂಜೆಗೆ ನಮ್ಮೂರಿಗೆ ಬರ್ತಾರ. ಮುಗಿಸಿ, ನಮ್ಮ ಕಟ್ಟಿ ಮ್ಯಾಲ ಕುಂತು ಒಂದು ಕಪ್ ಕಾಫಿ ಕುಡಿದು ಬಸ್ಸಿಗೆ ಹೋಗ್ತಾರ. ಅವರು ಒಳಗ ಬಂದಿಲ್ಲ, ನಾ ಕರೆದೂ ಇಲ್ಲ. ಹೋದ ವರ್ಷ ಅವರೇ ಕೇಳಿದ್ರು. 'ಟೀಚರ್, ರಿಜಿಸ್ಟರ್ ಮದುವಿ ನನಗ ಒಗ್ಗಂಗಿಲ್ರಿ. ಚರ್ಚಿನಾಗ ಪೂಜಾಪೀಠದ ಮುಂದ ನಿಂತು ಆಗ್ಬೇಕು. ತೀರ್ಪು ಬರೋತನಕ ಕಾಯ್ತೀನ್ರಿ' ಅಂದ್ರು. ಅಷ್ಟೇ ಮಾತು. ಮೊನ್ನಿ ಶುಕ್ರವಾರ ಈ ಪತ್ರ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. 'ಇನ್ನ ನಾ ಈ ಕಡೆ ಬರೋದು ಚಂದ ಕಾಣಂಗಿಲ್ರಿ' ಅಂದ್ರು. ಕಾಫಿ ಅರ್ಧ ಬಿಟ್ಟು ಎದ್ರು.

ನಿನಗೇನು ಗೊತ್ತು! ನಿನ್ನ ಮನಿ ತುಂಬ ಜನ. ಸಂಜಿ ಜಪಮಾಲೆಗೆ ಕುಂತ್ರ ಒಬ್ರು ಅರ್ಧ ಹೇಳ್ತಾರ, ಉಳಿದ ಅರ್ಧಕ್ಕ ನಾಲ್ಕು ಬಾಯಿ ಉತ್ತರ ಕೊಡ್ತಾವ. ನಾ ಅರ್ಧ ಹೇಳಿ ಒಂದು ಗಳಿಗಿ ಸುಮ್ಮನಾಗ್ತೀನಿ… ರೂಢಿ, ನೋಡು… ಆಮ್ಯಾಲ ಉಳಿದದ್ದೂ ನಾನೇ ಹೇಳ್ತೀನಿ. ಐವತ್ತು ಮಣಿಗೂ ಹಂಗೇ. ಅಯ್ಯೋ ಅನಬ್ಯಾಡ! ನಿನ್ನ ಅಯ್ಯೋ ಕೇಳಾಕ ಬಸ್ ಹತ್ತಿ ಬಂದಿಲ್ಲ ನಾ.

ಸಾಕ್ಷಿಗೆ ನಿನ್ನ ಹೆಸರು ಕೊಟ್ಟಾಕಿ ನಾನೇ. ನನ್ನ ಮದುವಿ ದಿನ ಚರ್ಚಿನ ಪುಸ್ತಕದಾಗ ಸಾಕ್ಷಿ ಸಹಿ ಹಾಕಿದಾಕಿ ನೀನು. ಸಣ್ಣಾಕಿ ಇದ್ದಾಗಿಂದ ನನ್ನ ಮಾತು ಒಂದೂ ಮೀರಿದಾಕಿ ಅಲ್ಲ. ನಾ ಕೇಳಿದ್ದು ಏನು? ಬಾಲರಾಜಗ ಮೊದಲೇ ಇದೇ ಕೊಟ್ಟೂರಿನಾಗ ಒಬ್ಬಾಕಿ ಇದ್ಲು, ಆಕಿ ಬಸುರಿ ಇದ್ಲು, ಅದನ್ನ ಮುಚ್ಚಿಟ್ಟು ನನ್ನ ಮದುವಿ ಆದ. ಅಕ್ಕಗ ಗೊತ್ತಿರಲಿಲ್ಲ. ಇಷ್ಟು ಹೇಳು ಅಂದೆ. ಈಗ ಆತ ಆಕಿ ಮನ್ಯಾಗೇ ಅದಾನ, ಮಗಳ ಮದುವ್ಯಾಗ ತಂದಿ ಅಂತ ಪೇಟ ಸುತ್ಕೊಂಡು ಕುಂತಾನ, ಊರೇ ಕಂಡೈತಿ. ಮತ್ತ ನೀ ಏನು ಬರಸಿದಿ? ಬೈಬಲ್ ಮ್ಯಾಲ ಕೈ ಇಟ್ಟು! 'ಮೂರನೇ ಪ್ರಕಟಣೆಯ ಹಿಂದಿನ ದಿನ, ಶನಿವಾರ, ಆಸ್ಪತ್ರೆಯಲ್ಲಿ ಆ ಗರ್ಭಿಣಿಯ ಜೊತೆ ಬಾಲರಾಜನನ್ನು ಕಂಡದ್ದನ್ನೆಲ್ಲ ನಾನೇ ಹೋಗಿ ಅಕ್ಕನಿಗೆ ತಿಳಿಸಿದೆ. ಅಕ್ಕನಿಗೆ ಗೊತ್ತಿತ್ತು.' ಕಡತ ಓದಾಕ ಕರೆದಾಗ ಆ ಸಾಲು ನಾನೇ ಓದಿದೆ. ಎದುರಿಗೆ ಫಾದರ್ ಕುಂತಿದ್ರು. ತಲಿ ಎತ್ತಾಕ ಆಗಲಿಲ್ಲ ನನಗ.

ಸುಳ್ಳು, ರೋಜಾ. ಶುದ್ಧ ಸುಳ್ಳು. ಮದುವಿಗೆ ಮುಂಚೆ ಮೂರು ಭಾನುವಾರ ಪೂಜ್ಯಾಗ ಗಂಡು ಹೆಣ್ಣಿನ ಹೆಸರು ಓದ್ತಾರ, 'ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಗುರುಗಳಿಗೆ ತಿಳಿಸಬೇಕು' ಅಂತ. ಅದಕ್ಕೇ ಅಲ್ಲೇನು ಓದೋದು? ಮೂರನೇ ಭಾನುವಾರ ನೀ ಎರಡನೇ ಬೆಂಚಿನಾಗ ಕುಂತಿದ್ದಿ. ಗೊತ್ತಿದ್ರ ಹೇಳ್ತಿರಲಿಲ್ಲೇನು? ಇನ್ನ ಶನಿವಾರ ನೀ ಬರಾಕ ಹೆಂಗ ಸಾಧ್ಯ? ಆವಾಗ ನಿನಗ ಇಲ್ಲೇ ನರ್ಸ್ ಕೆಲಸ, ರಜಾ ಇರಲಿಲ್ಲ. ಬಂದಿದ್ರ ನನಗ ನೆನಪಿರ್ತಿರಲಿಲ್ಲೇನು? ಮನ್ಯಾಗ ಜನಾನೋ ಜನ. ಎಷ್ಟು ಮಾರು ಮಲ್ಲಿಗಿ ಬೇಕು ಅಂತ ಕೇಳಾಕ ಹಡಗಲಿಯಾತ ಬಂದು ಕಟ್ಟಿ ಮ್ಯಾಲ ಕುಂತಾನ. ಅದರಾಗ ನೀ ಆ ಬಿಳಿ ಸೀರಿ ಮ್ಯಾಲೇ, ಬೆವತು, ಚಪ್ಪಲ್ ಕೈಯಾಗ ಹಿಡ್ಕೊಂಡು, ಹಿತ್ತಲ ಬಾಗಿಲಿನಿಂದ ಬಂದು…

ಯಾಕ ಹಂಗ ನೋಡ್ತಿ?

ಏನಂದೆ ನಾ? ಬಿಳಿ ಸೀರಿ ಅಂದೆ. ನರ್ಸ್ ಅಂದ ಮ್ಯಾಲ ಬಿಳಿ ಸೀರೀನೇ ಉಡ್ತಾರ. ಅಂದಾಜಿಗೆ ಅಂದೆ… ಚಪ್ಪಲ್ಲಾ? ಚಪ್ಪಲ್… ಬಾರು ಹರಿದಿತ್ತಲ್ಲ, ಬಸ್ ಸ್ಟ್ಯಾಂಡಿನಿಂದ ಬರಿಗಾಲಿಲೆ…

ಮಾತಾಡು ರೋಜಾ. ಏನಾರ ಅನ್ನು. 'ನಾ ಹೇಳಿದ್ದು ಖರೇ' ಅಂತನಾದ್ರೂ ಕೂಗು! ಹಂಗ ಉಡಿಯಾಗ ಕೈ ಇಟ್ಕೊಂಡು ಸುಮ್ನ ಕುಂದ್ರಬ್ಯಾಡ. ಅವತ್ತೂ ಹಂಗೇ ಕುಂತಿದ್ದಿ, ಬಟ್ಟಿ ಒಗಿಯೋ ಕಲ್ಲಿನ ಮ್ಯಾಲ. ಎಲ್ಲಾ ಹೇಳಿ ಮುಗಿಸಿ, ನಾ ಏನಂತೀನಿ ಅಂತ ನೋಡ್ಕೋತ.

ಎರಡು ಪ್ರಕಟಣೆ ಆಗಿದ್ವು. ಎರಡು! ಉಪದೇಶಿ ಮೊಮ್ಮಗಳ ಹೆಸರು ಎರಡು ಭಾನುವಾರ ಓದಿ, ಮೂರನೇ ಭಾನುವಾರ ಓದಲಿಲ್ಲ ಅಂದ್ರ… ಜನ ಯಾರ ಕಡೆ ತಿರುಗಿ ನೋಡ್ತಿದ್ರು? ಅಪ್ಪನ ಕಡೆ. ಅಪ್ಪ ಯಾವತ್ತೂ ಮುಂದಿನ ಸಾಲಿನಾಗ ಕುಂದರ್ತಿದ್ದ. ಆಮ್ಯಾಲ ಎಲ್ಲಿ ಕುಂದರಬೇಕಿತ್ತು ಅಪ್ಪ, ಹೇಳು? ಮದುವಿ ಆದ ಮ್ಯಾಲ ಆಕೀನ ಮರೀತಾನ ಅಂದ್ಕೊಂಡೆ. ನಾ ಕಾನ್ವೆಂಟಿನಾಗ ಓದಿದಾಕಿ, ನೋಡಾಕ ಚಂದ ಇದ್ದೆ, ಆಕಿ ಮುಂದ ನಾ ಏನು ಕಡಿಮಿ ಅಂದ್ಕೊಂಡೆ. ಹೌದು, ಬಾಯಿ ಮುಚ್ಚು ಅಂದೆ ನಿನಗ. ಅಂದೆ!

ಮರುದಿನ ಫಾದರ್ ಮೂರನೇ ಸಲ ಓದಿದ್ರು. ಅಡ್ಡಿ ತಿಳಿದಿದ್ದರೆ ತಿಳಿಸಿ ಅಂದ್ರು. ಅಂದು, ಕೆಮ್ಮು ಬಂತು ಅವರಿಗೆ. ಕರವಸ್ತ್ರ ಹುಡುಕಿದ್ರು, ಬಾಯಿ ಒರೆಸಿಕೊಂಡ್ರು, ಮಡಚಿ ಕಿಸ್ಯಾಗ ಇಟ್ರು… ಎಷ್ಟು ಹೊತ್ತು ಅದು! ನಾ ಕೈ ಮುಗಿದು ತಲಿ ಬಗ್ಗಿಸಿ ಕುಂತಿದ್ದೆ. ನಿನ್ನ ಕಡೆ ನೋಡಲಿಲ್ಲ. ಕಿವಿ ಮಾತ್ರ ನಿನ್ನ ಬೆಂಚಿನ ಕಡೆ. ಅದು ಒಂದು ಸಲ ಕಿರ್ ಅಂತು. ಎದ್ದಿ ಅಂದ್ಕೊಂಡೆ. ಏಳಲಿ, ಏಳಲಿ ಅಂದ್ಕೊಂಡೆ, ರೋಜಾ… ನೀ ಏಳಲಿಲ್ಲ.

ನನ್ನ ಮಾತು ಮೀರಬೇಕಾದ ದಿನ ಅದು. ಇಪ್ಪತ್ತಾರು ವರ್ಷ ಆದ ಮ್ಯಾಲ ಅಲ್ಲ.

ಅಳಬ್ಯಾಡ. ಸೆರಗು ಇಳಿಸು ಬಾಯಿಂದ. ನೀ ಬರಸಿದ್ದು ಇರಲಿ. ಅವತ್ತು ಸುಮ್ಮನೆ ಕುಂತ್ಯಲ್ಲ, ಅದಕ್ಕ. ಕ್ಷಮೆ ಕೇಳು.